ನೇಬಾಬ್ ಎಂದರೆ ನವಾಬನಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬಂದಿತ್ತು. ಸಮಾರಂಭಕ್ಕೆ ಮುಖಂಡರು ಮೂರು ತಾಸು ತಡ ಮಾಡಿದರು, ಸ್ವಾಗತಕ್ಕೆಂದು ಸಾಲಾಗಿ ನಿಲ್ಲಿಸಿದ್ದ ಸಾಲಿ ಹುಡುಗರು ಬಿಸಿಲಿಗೆ ಬಾಡಿದರು ಎಂಬ ಸುದ್ದಿ. ಅದನ್ನು ಬರೆದವರಿಗೆ ನನ್ನ ಸಲಾಂ. ಬರೆಯಲೇಬೇಕಾದದ್ದನ್ನೇ ಬರೆದಿದ್ದಾರೆ. ನನ್ನ ತಕರಾರು ಶೀರ್ಷಿಕೆಯದು. ‘ನೇಬಾಬ್‌ಗಳ ಹಾದಿ ಕಾದ ಮಕ್ಕಳು’ ಎಂದು ಇಂಗ್ಲಿಷ್ ಪದ ಹಾಕಿ, ಪಕ್ಕದಲ್ಲಿ ಶೇರವಾನಿ ತೊಟ್ಟು, ಗಡ್ಡ ಬಿಟ್ಟು, ಲೋಡಿಗೆ ಒರಗಿ ಹುಕ್ಕಾ ಸೇದುವ ನವಾಬನೊಬ್ಬನ ಚಿತ್ರ ಬರೆಸಿದ್ದೀರಿ.

ನನ್ನ ಮೊಮ್ಮಗಳು ಒಂಬತ್ತನೇ ಇಯತ್ತೆ. ಪೇಪರ್ ಹಿಡಿದುಕೊಂಡು ಬಂದು ಕೇಳಿದಳು: “ಅಜ್ಜಾ, ನೇಬಾಬ್ ಅಂದ್ರ ನವಾಬನ ಹೌದಲ್ಲೋ? ನಿನಗ ಎಲ್ಲಾರೂ ನಾಯಬ್ ಸಾಹೇಬ್ರು ಅಂತಾರಲ್ಲ, ಅದೂ ಇದೂ ಒಂದ ಏನು?”

ನಾನು 1979ರಲ್ಲಿ ಸಿಪಾಯಿಯಾಗಿ ಮರಾಠಾ ಲಘು ಪದಾತಿ ದಳ ಸೇರಿದೆ. ಇದೇ ಬೆಳಗಾವಿಯ ಸೆಂಟರಿನಲ್ಲಿ ತರಬೇತಿ, ಇಪ್ಪತ್ತಾರು ವರ್ಷದ ಸೇವೆ, ನಾಯಬ್ ಸುಬೇದಾರ್ ಆಗಿ ನಿವೃತ್ತಿ. ಆ ಹುದ್ದೆಗೆ 1965ರವರೆಗೆ ಜಮಾದಾರ ಎನ್ನುತ್ತಿದ್ದರು. ಇಷ್ಟು ವರ್ಷ ಭುಜದ ಮೇಲೆ ಹೊತ್ತ ಹೆಸರಿಗೂ ಈ ‘ನೇಬಾಬ್’ಗೂ ಏನು ಸಂಬಂಧ ಎಂದು ಹುಡುಗಿಗೆ ನಕ್ಕು ಕಳಿಸಿದೆ. ಮರುದಿನ ನಿಘಂಟು ತೆಗೆದು ನೋಡಿದರೆ ಅವಳ ಮಾತೇ ಖರೆ.

ಅರಬ್ಬಿಯಲ್ಲಿ ‘ನಾಯಿಬ್’ ಎಂದರೆ ಇನ್ನೊಬ್ಬರ ಬದಲಿಗೆ ನಿಂತವನು, ಪ್ರತಿನಿಧಿ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇಂದಿಗೂ ನಾಯಬ್ ತಹಸೀಲ್ದಾರರಿದ್ದಾರೆ. ಆ ಪದದ ಬಹುವಚನ ‘ನುವ್ವಾಬ್’. ಒಬ್ಬನೇ ಇದ್ದರೂ “ಸಾಹೇಬ್ರು ಬಂದ್ರು” ಎಂದು ನಾವು ಮರ್ಯಾದೆಗೆ ಬಹುವಚನ ಹಚ್ಚುತ್ತೇವಲ್ಲ, ಹಾಗೆಯೇ ಬಾದಶಹನ ಪರವಾಗಿ ಸುಬಾ, ಅಂದರೆ ಪ್ರಾಂತ, ಆಳುವ ಒಬ್ಬನೇ ಮನುಷ್ಯನಿಗೆ ಬಹುವಚನ ಹಚ್ಚಿದರು. ಅದು ನವಾಬ ಆಯಿತು. ನಮ್ಮ ಸವಣೂರಿನ ನವಾಬರ ಬಿರುದಿನ ಬೇರೂ ಅದೇ. ಪೋರ್ಚುಗೀಸರು ಅದನ್ನು ‘ನಬಾಬೊ’ ಎಂದರು, ಇಂಗ್ಲಿಷರ ಬಾಯಲ್ಲಿ ‘ನೇಬಾಬ್’ ಆಯಿತು.

ಇಲ್ಲಿಯವರೆಗೆ ತಮ್ಮ ಚಿತ್ರ ಬರೆದವರದು ತಪ್ಪಿಲ್ಲ. ತಪ್ಪು ಇರುವುದು ಮುಂದೆ.

1757ರ ಪ್ಲಾಸಿ ಕದನದ ನಂತರ ಈಸ್ಟ್ ಇಂಡಿಯಾ ಕಂಪನಿ ನೌಕರರು ಬಂಗಾಲದಿಂದ, ಮದ್ರಾಸಿನಿಂದ ಮಿತಿಯಿಲ್ಲದ ದುಡ್ಡು ಬಾಚಿಕೊಂಡು ತಮ್ಮ ದೇಶಕ್ಕೆ ಮರಳತೊಡಗಿದರು. ರಾಬರ್ಟ್ ಕ್ಲೈವ್ 1744ರಲ್ಲಿ ಮದ್ರಾಸಿಗೆ ಬಂದದ್ದು ಬರೀ ಗುಮಾಸ್ತನಾಗಿ. ಪ್ಲಾಸಿಯ ನಂತರ ಅವನಿಗೆ ಸಿಕ್ಕ ಜಹಗೀರಿನ ಉತ್ಪನ್ನ ವರ್ಷಕ್ಕೆ 27,000 ಪೌಂಡ್. ಇಂಥವರು ಅಲ್ಲಿ ಹೋಗಿ ಎಸ್ಟೇಟು ಕೊಂಡರು, ಪಾರ್ಲಿಮೆಂಟಿನ ಸೀಟು ಕೊಂಡರು, ಹಳೇ ಮನೆತನದವರ ಮುಂದೆ ಮೆರೆದರು. “ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ” ಎಂದು ನಾವು ಯಾರಿಗೆ ಅನ್ನುತ್ತೇವೋ ಅಂಥವರಿಗೆ ಆ ದೇಶದ ಜನ ಇಟ್ಟ ಹೆಸರು ನೇಬಾಬ್. 1772ರಲ್ಲಿ ಸ್ಯಾಮ್ಯುಯೆಲ್ ಫುಟ್ ಎಂಬ ನಾಟಕಕಾರ ಇದೇ ಹೆಸರಿನ ಪ್ರಹಸನ ಬರೆದು ಲಂಡನ್ನಿನ ರಂಗಮಂದಿರದಲ್ಲಿ ಆಡಿಸಿದ. ಅದರಲ್ಲಿ ಜನರ ನಗೆಗೆ ಗುರಿಯಾದವನು ನಮ್ಮ ಕಡೆಯ ನವಾಬನಲ್ಲ, ಇಲ್ಲಿಂದ ದುಡ್ಡು ಹೊತ್ತು ಹೋದ ಬಿಳಿಯ.

ಅಂದಮೇಲೆ ಆ ಚಿತ್ರದಲ್ಲಿ ಕೂಡಬೇಕಾದವನು ಬಿಳೀ ಟೋಪನ್ ಕೂದಲು ಇಟ್ಟುಕೊಂಡ ಕಂಪನಿಯ ಮನುಷ್ಯ. ನೇಬಾಬ್ ಎಂಬುದು ಇಂಗ್ಲಿಷರು ತಮ್ಮವರನ್ನೇ ಹೀಯಾಳಿಸಲು ಮಾಡಿಕೊಂಡ ಪದ. ಅದನ್ನು ತಂದು ಶೇರವಾನಿ, ಗಡ್ಡಕ್ಕೆ ಹಚ್ಚಿದರೆ ಅವರು ತಮ್ಮವರಿಗೆ ಎತ್ತಿದ ಬಡಿಗೆಯಿಂದ ನಾವು ನಮ್ಮವರನ್ನು ಹೊಡೆದ ಹಾಗಾಯಿತು. ನವಾಬ ಎಂದು ಹೆಸರಿಟ್ಟ ಮಕ್ಕಳು ನಮ್ಮ ಓಣಿಗಳಲ್ಲಿದ್ದಾರೆ. ತಡವಾಗಿ ಬಂದ ಆ ಮುಖಂಡರಲ್ಲಿ ಶೇರವಾನಿ ತೊಟ್ಟವರು ಒಬ್ಬರೂ ಇರಲಿಲ್ಲ ಎಂಬುದು ನೀವೇ ಹಾಕಿದ ಫೋಟೋದಲ್ಲಿ ಕಾಣುತ್ತದೆ.

ಈಗ ಇಂಗ್ಲಿಷಿನಲ್ಲಿ ಈ ಪದಕ್ಕೆ ಜಾತಿ, ದೇಶ ಯಾವುದೂ ಇಲ್ಲ. ಹಣ ಅಥವಾ ಅಧಿಕಾರ ಇದ್ದು, ತಾನೇ ದೊಡ್ಡವನೆಂದು ಬೀಗುವ ಯಾರಿಗಾದರೂ ಸಲ್ಲುತ್ತದೆ. 1970ರ ಸೆಪ್ಟೆಂಬರಿನಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಪೈರೋ ಆಗ್ನ್ಯೂ ತಮ್ಮ ಸರ್ಕಾರದ ಟೀಕಾಕಾರರಿಗೆ, ಸದಾ ಕೆಟ್ಟದ್ದನ್ನೇ ವಟಗುಟ್ಟುವ ನೇಬಾಬ್‌ಗಳು ಎಂದದ್ದು ಅಲ್ಲಿ ಬಹಳ ಹೆಸರಾದ ಮಾತು.

ನನ್ನನ್ನು ಹೆಚ್ಚು ತಟ್ಟಿದ್ದು ಮಾತ್ರ ಪದದ ಬೇರು. ನನ್ನ ಭುಜಕ್ಕೆ ಮೊದಲ ನಕ್ಷತ್ರ ಬಂದ ದಿನ ನಮ್ಮ ಹಿರಿಯ ಸುಬೇದಾರ್ ಸಾಹೇಬರು ಕೂಡಿಸಿಕೊಂಡು ಹೇಳಿದ್ದರು: “ಇವತ್ತಿನಿಂದ ಆಫೀಸರ್ ಸುದ್ದಾ ನಿನಗ ಸಾಬ್ ಅಂತಾರ. ಅವರು ಸಾಬ್ ಅನ್ನೂದು ನಿನ್ನ ಹಿಂದ ಇರೂ ಮೂವತ್ತು ಜವಾನರಿಗೆ. ನೀ ಅವರ ಬದಲಿ ನಿಂತಾಂವ.” ಊಟದ ಸಾಲಿನಲ್ಲಿ ಅವರು ಕಡೆಗೆ ನಿಲ್ಲುತ್ತಿದ್ದರು. ಚಳಿಗಾಲದಲ್ಲಿ ರಾತ್ರಿ ಎರಡಕ್ಕೆದ್ದು ಪಹರೆಯ ಹುಡುಗನಿಗೆ ಚಹಾ ಮುಟ್ಟಿತೋ ಇಲ್ಲವೋ ನೋಡಿ ಬರುತ್ತಿದ್ದರು. ನಾವು ಆರಿಸಿ ಕಳಿಸುವವರಿಗೂ ಕನ್ನಡದಲ್ಲಿ ಜನಪ್ರತಿನಿಧಿ ಎಂದೇ ಹೆಸರು. ಅರಬ್ಬಿಯ ನಾಯಿಬ್ ಅಂದರೂ ಅದೇ. ಆ ಸಮಾರಂಭಕ್ಕೆ ಬಂದವರು ಯಾರ ಬದಲಿಗೆ ನಿಂತಿದ್ದರೋ ಅವರ ಮಕ್ಕಳನ್ನೇ ಮೂರು ತಾಸು ಬಿಸಿಲಲ್ಲಿ ನಿಲ್ಲಿಸಿದರು. ಇದನ್ನು ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಂಥವರಿಗೆ ಹಾಕಲು ನಮ್ಮಲ್ಲಿ ಪದಗಳಿಗೆ ಬರವೇ? ದೌಲತ್ತು, ದಿಮಾಕು, ಸೊಕ್ಕು, ಗತ್ತು. ‘ದೌಲತ್ತಿನವರ ಹಾದಿ ಕಾದ ಮಕ್ಕಳು’ ಎಂದಿದ್ದರೆ ಗೋಕಾಕದಿಂದ ಖಾನಾಪುರದವರೆಗೆ ಎಲ್ಲರಿಗೂ ತಿಳಿಯುತ್ತಿತ್ತು, ಯಾರ ಸಮಾಜಕ್ಕೂ ಚುಚ್ಚುತ್ತಿರಲಿಲ್ಲ. ಇಂಗ್ಲಿಷ್ ಪದವೇ ಬೇಕೆಂದರೆ ಹಾಕಿರಿ, ಆದರೆ ಅದರ ಅರ್ಥ ಒಂದು ಸಾಲಿನಲ್ಲಿ ಕೆಳಗೆ ಕೊಡಿರಿ.

ಮೊಮ್ಮಗಳ ಶಾಲೆಯಲ್ಲಿ ಪ್ರತಿದಿನ ಪ್ರಾರ್ಥನೆಯ ವೇಳೆ ತಮ್ಮ ಪತ್ರಿಕೆಯ ಶೀರ್ಷಿಕೆಗಳನ್ನು ಓದಿಸುತ್ತಾರೆ. ಅಂದು ಇದನ್ನೂ ಓದಿಸಿದರಂತೆ. ಓದಿದ ಕೂಡಲೇ ಕೆಲವು ಹುಡುಗರು ಹಿಂದಿನ ಸಾಲಿನಲ್ಲಿ ನಿಂತಿದ್ದ ನವಾಬ ಎಂಬ ಹುಡುಗನ ಕಡೆ ತಿರುಗಿ ನಕ್ಕರಂತೆ. ಜಿಲ್ಲಾ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿರಿ. ಬರುವ ಸೋಮವಾರ ಸುದ್ದಿ ಓದುವ ಪಾಳಿ ಮೊಮ್ಮಗಳದು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನಾಯಬ್ ಸುಬೇದಾರ್
ಗಣೇಶಪುರ, ಬೆಳಗಾವಿ