ಎಳೆಯ ದಿಕ್ಕು ನೋಡಿ ಅಧ್ಯಾಯ ಬರೆ

ಕೊತ್ರೂಡ, ಪುಣೆ

ಚಿ. ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪಣಜಿಯಿಂದ ನೀನು ಕಳಿಸಿದ ಪಿಎಚ್.ಡಿ. ಕರಡನ್ನು ಪೂರ್ತಿ ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ ಮಂಗನ ಕಾಯಿಲೆಯೂ ಕ್ರಿಮಿಯನ್-ಕಾಂಗೋ ಜ್ವರವೂ ಉಣುಗಿನಿಂದಲೇ ಹರಡುತ್ತವೆ, ಎರಡರಲ್ಲೂ ರಕ್ತಸ್ರಾವವಾಗುತ್ತದೆ ಎಂಬ ಕಾರಣಕ್ಕೆ ಅವುಗಳ ವೈರಸ್‌ಗಳನ್ನು ಒಂದೇ ಅಧ್ಯಾಯಕ್ಕೆ ತುರುಕಿದ್ದೀಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡು, 2015ರ ಹೊತ್ತಿಗೆ ನಿಮ್ಮ ಗೋವಾದ ಸತ್ತರಿಯವರೆಗೆ ಬಂದ ಮಂಗನ ಕಾಯಿಲೆಯ ವೈರಸ್‌ನಲ್ಲಿರುವುದು ಸುಮಾರು 11,000 ಅಕ್ಷರಗಳ ಆರ್‌ಎನ್‌ಎಯ ಒಂದೇ ಪಾಸಿಟಿವ್ ಎಳೆ, ಅಂದರೆ ನೇರವಾಗಿ ಓದಬಲ್ಲ ಎಳೆ. ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಅದನ್ನು ನೇರವಾಗಿ ಓದಿ ಒಂದು ಉದ್ದನೆಯ ಪ್ರೋಟೀನ್ ಕಟ್ಟುತ್ತದೆ. ವೈರಸ್‌ನದೇ ಎನ್‌ಎಸ್3 ಕಿಣ್ವ, ಎನ್‌ಎಸ್2ಬಿಯ ನೆರವಿನಿಂದ, ಜೀವಕೋಶದ ಕಿಣ್ವಗಳ ಜೊತೆ ಸೇರಿ ಅದನ್ನು ಹತ್ತು ತುಂಡು ಮಾಡುತ್ತದೆ. ಹೀಗಾಗಿ ಪ್ರೋಟೀನ್ ಒಂದೂ ಇಲ್ಲದ ಬರಿಯ ಆರ್‌ಎನ್‌ಎ ಕೂಡ ಜೀವಕೋಶದೊಳಗೆ ಸೇರಿದರೆ ಸೋಂಕು ಹುಟ್ಟಿಸಬಲ್ಲದು. ಬೇರ್ಪಡಿಸಿದ ಆರ್‌ಎನ್‌ಎಯ ಟ್ಯೂಬನ್ನು ನಿರ್ಜೀವ ವಸ್ತುವೆಂದು ಸಸಾರ ಮಾಡಬೇಡ.

ಕ್ರಿಮಿಯನ್-ಕಾಂಗೋ ವೈರಸ್‌ನ ರೀತಿಯೇ ಬೇರೆ. ಎಸ್, ಎಂ, ಎಲ್ ಎಂಬ ಮೂರು ಬಿಡಿ ತುಂಡುಗಳು, ಅಂದರೆ ಮೂರು ನೆಗೆಟಿವ್ (ಪಾಸಿಟಿವ್‌ಗೆ ಪೂರಕವಾದ) ಎಳೆಗಳು ಅದರಲ್ಲಿವೆ; ಅವುಗಳನ್ನು ರೈಬೋಸೋಮ್ ಓದಲಾರದಾದ್ದರಿಂದ ವೈರಸ್ ಆರ್‌ಎನ್‌ಎ ನಕಲಿಸುವ ತನ್ನ ಪಾಲಿಮರೇಸ್ ಕಿಣ್ವವನ್ನು ಜೊತೆಯಲ್ಲೇ ಹೊತ್ತು ತರಬೇಕು. ಒಂದೇ ಉಣುಗಿನಲ್ಲಿ ಎರಡು ತಳಿಗಳು ಕೂಡಿದರೆ ತುಂಡುಗಳು ಅದಲುಬದಲಾಗುತ್ತವೆ. ನೀನು ಎಸ್ ತುಂಡೊಂದರಿಂದಲೇ ವಂಶವೃಕ್ಷ ಬರೆದಿದ್ದೀಯ. ಎಂ ತುಂಡಿನ ಮೂಲ ಬೇರೆಯೇ ಆಗಿರಬಹುದು. ಮೂರಕ್ಕೂ ಪ್ರತ್ಯೇಕ ವೃಕ್ಷ ಬರೆದು ಅಕ್ಕಪಕ್ಕ ಇಟ್ಟು ನೋಡು.

ಪ್ರಯೋಗದಲ್ಲೂ ಈ ವ್ಯತ್ಯಾಸ ಮುಖ್ಯ. ವೈರಸ್ ವೃದ್ಧಿಯಾಗುವಾಗ ಎದುರು ಎಳೆ ತಯಾರಾಗುತ್ತದೆ; ಆದ್ದರಿಂದ ಉಣುಗಿನೊಳಗೆ ಅದು ವೃದ್ಧಿಯಾಗುತ್ತಿದೆಯೋ ಸುಮ್ಮನೆ ಹೀರಿದ ರಕ್ತದಲ್ಲಿದೆಯೋ ಎಂದು ತಿಳಿಯಲು ಮಂಗನ ಕಾಯಿಲೆಯಲ್ಲಿ ನೆಗೆಟಿವ್ ಎಳೆಯನ್ನು ಹುಡುಕಬೇಕು, ಇನ್ನೊಂದರಲ್ಲಿ ಪಾಸಿಟಿವ್ ಎಳೆಯನ್ನು. ನಕಲು ಶುರುಮಾಡಿಸುವ ಚಿಕ್ಕ ತುಣುಕಾದ ಪ್ರೈಮರಿನ ತುದಿಗೆ ವೈರಸ್‌ನಲ್ಲಿಲ್ಲದ ಅಕ್ಷರಗಳ ಬಾಲ ಸೇರಿಸಿಕೊಂಡು, ನಕಲುಗಳನ್ನು ಹೆಚ್ಚಿಸುವ ಮುಂದಿನ ಪಿಸಿಆರ್‌ನಲ್ಲಿ ಆ ಬಾಲವನ್ನೇ ಹಿಡಿ. ಇಲ್ಲದಿದ್ದರೆ ಪ್ರೈಮರಿಲ್ಲದೆಯೂ ನಡೆಯುವ ನಕಲು, ಇಲ್ಲದ ಎಳೆಯನ್ನು ಇದೆಯೆಂದು ತೋರಿಸುತ್ತದೆ. ಪ್ರೈಮರ್ ಹಾಕದ ಒಂದು ಟ್ಯೂಬನ್ನೂ ಪ್ರತಿ ಸಲ ಇಡು. ನಿಮ್ಮ ಗೈಡ್ ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ಅಧ್ಯಾಯವನ್ನು ಎರಡಾಗಿಸಿ ಗಣೇಶ ಚತುರ್ಥಿಗೆ ಬರುವಾಗ ತೆಗೆದುಕೊಂಡು ಬಾ.

ಇತಿ,
ನಿನ್ನ ದೊಡ್ಡಪ್ಪ