ಮಗಳಿಗೊಂದು ಪತ್ರ: ಬೈಕು, ಹೆಲ್ಮೆಟ್ಟು, ರೊಟ್ಟಿ

ಅವ್ವೀ,

ಮೊನ್ನೆ ಅಳಿಯಂದ್ರ ಕೆಲಸ ಹೋದ ಸುದ್ದಿ ಬಂದಾಗ ಫೋನಿನ್ಯಾಗ ಅಂದಿ ನೀ, "ಅಪ್ಪಾ, ದುಡಿಯೋ ಮನಸ್ಸಿದ್ರ ಕೆಲಸ ಸಿಗಂಗಿಲ್ಲೇನು, ಇವರು ನಾಕ ತಿಂಗಳಿಂದ ಲ್ಯಾಪ್‌ಟಾಪ್ ಮುಂದ ಕುಂತು ಕಾಲ ಕಳೀಯಾಕತ್ತಾರ" ಅಂತ. ಹೂಂ ಅಂದು ಫೋನ್ ಇಟ್ಟೆ, ರಾತ್ರಿ ನಿದ್ದಿ ಹತ್ತಲಿಲ್ಲ, ಯಾಕಂದ್ರ ಇದ ಮಾತು ನಿಮ್ಮಜ್ಜ 2009ರಾಗ ನನಗ ಅಂದಿದ್ದ, ನೀ ಆಗ ಏಳನೇತ್ತಾ.

ಗೋಕುಲ ರೋಡಿನ ಫ್ಯಾಕ್ಟರಿಯಾಗ 14 ವರ್ಷ ಲೇತ್ ಮಷೀನ್ ಮುಂದ ನಿಂತಾಂವ ನಾನು, ವಾಲ್ವ್ ಮಾಡ್ತಿದ್ವಿ. 2008ರಾಗ ಅಮೆರಿಕಾದಾಗ ಬ್ಯಾಂಕ್ ಮುಳುಗಿದ್ವು ಅಂತ ಟಿವಿಯಾಗ ನೋಡಿದ್ದೆ, ಅದು ಹುಬ್ಬಳ್ಳಿ ತನಕ ಬರ್ತತಿ ಅಂತ ಯಾರಿಗೆ ಗೊತ್ತಿತ್ತು, ಆರ್ಡರ್ ನಿಂತ್ವು, ಮೊದಲ ಓವರ್‌ಟೈಮ್ ಹೋತು, ಆಮ್ಯಾಲೆ ಒಂದ ಶಿಫ್ಟ್, ಆಮ್ಯಾಲೆ ನಾವು. ಅದು ನನ್ನ ತಪ್ಪಲ್ಲ ಅಂತ ಇವತ್ತಿಗೂ ಹೇಳ್ತೀನಿ. ಅದರ ಮುಂದಿಂದೆಲ್ಲಾ ನಂದ.

ಎರಡ ತಿಂಗಳ ಕೆಲಸ ಇಲ್ಲಂದ್ರ ಆಗ ಪಗಾರದಾಗ ಮುರದಿಟ್ಟ ಪಿಎಫ್ ರೊಕ್ಕ ಪೂರ್ತಿ ತಗೀಬಹುದಿತ್ತು. ತಗದೆ. ಏನ ಮಾಡಿದೆ? ಕೆಲಸ ಹುಡುಕಾಕ ಬೇಕಂತ ಹೇಳಿ ಹೊಸಾ ಬೈಕ್ ತಗೊಂಡೆ! ಅದು ದಿನಾ ಚಾದಂಗಡಿ ಮುಂದ ನಿಂತಿರ್ತಿತ್ತು. ರಾತ್ರಿ ವಾಚ್‌ಮನ್ ಕೆಲಸ ಬಂದಿತ್ತು, ಆಪರೇಟರ್ ಇದ್ದಾಂವ ಗೇಟ್ ಕಾಯಬೇಕೇನು ಅಂತ ಬಿಟ್ಟೆ. ವಾರಕ್ಕೊಂದಿನ ಯಾರದರೆ ವರ್ಕ್‌ಶಾಪಿನ್ಯಾಗ ಅರ್ಧಾ ದಿವಸ ಕೆಲಸ ಸಿಗ್ತಿತ್ತು, ಅಷ್ಟ. ಸರ್ಕಾರದ ಸರ್ವೇದ ವಾರದ ಲೆಕ್ಕದಾಗ ಒಂದ ತಾಸು ದುಡದ್ರೂ ನಿರುದ್ಯೋಗಿ ಅಲ್ಲಂತ, ಅಂದ್ರ ಕಾಗದದ ಮ್ಯಾಲೆ ನಾನೂ ಕೆಲಸಗಾರನ.

ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಗ್ರಾಚ್ಯುಟಿ ರೊಕ್ಕನೂ ಕೇಳಲಿಲ್ಲ. ವರ್ಷಕ್ಕ 15 ದಿವಸದ ಪಗಾರ, 14 ವರ್ಷಕ್ಕ ಹೆಚ್ಚುಕಮ್ಮಿ ಎಂಟ ತಿಂಗಳ ಬೇಸಿಕ್ ಬರಬೇಕಿತ್ತು. ಮಾಲಕರು ನೋಡೂಣು ಅಂದ್ರು, ನಾನೂ ಸುಮ್ನಾದೆ, ಲೇಬರ್ ಆಫೀಸಿಗೆ ಒಂದ ಅರ್ಜಿ ಹಾಕಾಕ ನಾಚಿಕಿ. ಕೈಗಡಾ ಕೇಳಾಕ ಮಾತ್ರ ನಾಚಿಕಿ ಇರ್ಲಿಲ್ಲ ನೋಡು.

ಮನಿ ನಡಸಿದಾಕಿ ನಿಮ್ಮವ್ವ. ನಸುಕಿನ್ಯಾಗ ನಾಕಕ್ಕ ಎದ್ದು ರೊಟ್ಟಿ ಬಡಿಯಾಕಿ, ನಿನ್ನ ಸಾಲಿ ಫೀ, ಭಿಶಿ ಅಂದ್ರ ಚೀಟಿ ರೊಕ್ಕ, ಕಿರಾಣಿ ಅಂಗಡಿ ಉದ್ರಿ ಎಲ್ಲಾ ಅದರಾಗ. ಎಷ್ಟ ಸಾಲ ಐತಿ ಅಂತ ಆಕಿ ಕೇಳಿದ್ರ ನಾ ಸಿಟ್ಟಿಗೇಳ್ತಿದ್ದೆ. ಕಡೀಕ ಒಂದಿನ ಖಾನಾವಳಿಗೆ ರೊಟ್ಟಿ ಮುಟ್ಟಿಸಾಕ ನಾನ ಹೊಂಟೆ, ಅದ ಬೈಕಿನ ಮ್ಯಾಲೆ, ಗುರ್ತ ಸಿಗಬಾರ್ದಂತ ಹೆಲ್ಮೆಟ್ ಹಾಕ್ಕೊಂಡು. ಆಗ ನಮ್ಮ ಓಣ್ಯಾಗ ಯಾರೂ ಹೆಲ್ಮೆಟ್ ಹಾಕ್ತಿರ್ಲಿಲ್ಲ, ಹಂಗಾಗಿ ಎಲ್ಲಾರೂ ನನ್ನನ್ನ ನೋಡಾವ್ರು.

ಅದಕ್ಕ ಹೇಳೂದು, ಅಳಿಯಂದ್ರಿಗೆ ಕೆಲಸ ಸಿಕ್ತೇನು ಅಂತ ದಿನಾ ಕೇಳಬ್ಯಾಡ. ಇಬ್ಬರೂ ಕುಂತು ಬಾಡಿಗಿ ಎಷ್ಟು, ಇಎಂಐ ಎಷ್ಟು, ಕ್ರೆಡಿಟ್ ಕಾರ್ಡ್ ಎಷ್ಟು ಒಂದ ಹಾಳಿ ಮ್ಯಾಲೆ ಬರೀರಿ. ಹೇಳಾಕ ಹಿಂದ ಮುಂದ ನೋಡಿದ್ರ ಅಲ್ಲಿ ಬಿಗಿ ಮಾಡು, ಬಿಡಬ್ಯಾಡ. ಅವರದು ಐದ ವರ್ಷ ತುಂಬೇತಲ್ಲ, ಗ್ರಾಚ್ಯುಟಿ ಬಂತೇನು ಕೇಳು.

ನಿಮ್ಮವ್ವ ಕಡಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಇಟ್ಟಾಳ, ನಾಳೆ ರಾತ್ರಿ ಬಸ್ಸಿಗೆ ಹಾಕ್ತೀನಿ. ಹೆಲ್ಮೆಟ್ಟಿನ ಸುದ್ದಿ ಬೇಕಾರ ಅಳಿಯಂದ್ರಿಗೆ ಹೇಳು, ಸೊಲ್ಪ ನಗಲಿ.

ನಿಮ್ಮಪ್ಪ