ಇಲ್ಲದ ಗ್ರಹಣ

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ನಿನ್ನ ಕಾದಂಬರಿಯ ಹಸ್ತಪ್ರತಿಯನ್ನೂ, ಅದರೊಳಗೆ ಮಡಿಸಿಟ್ಟಿದ್ದ 'ಬರೆಯುವುದನ್ನೇ ಬಿಟ್ಟುಬಿಡಲೇ' ಎಂಬ ಚೀಟಿಯನ್ನೂ ಓದಿದೆ. ಕಾಗುಣಿತ, ಅಧ್ಯಾಯಗಳ ಉದ್ದ, ಪ್ರಕಾಶಕರ ಮೌನ ಇವೆಲ್ಲ ತಾವಾಗಿಯೇ ದಾರಿಗೆ ಬರುತ್ತವೆ. ನನ್ನನ್ನು ಕಾಡಿದ್ದು ಏಳನೆಯ ಅಧ್ಯಾಯದ ಗ್ರಹಣ.

ಕ್ರಿ.ಪೂ. 480ರ ವಸಂತದಲ್ಲಿ ಪರ್ಷಿಯಾದ ದೊರೆ ಕ್ಸರ್ಕ್ಸೀಸ್ ಸಾರ್ಡಿಸ್ ನಗರದಿಂದ ಗ್ರೀಸಿನ ಮೇಲೆ ದಂಡೆತ್ತಿ ಹೊರಟಾಗ ಹಗಲೇ ಇರುಳಾಯಿತೆಂದೂ, ಸೂರ್ಯನು ಗ್ರೀಕರಿಗೆ ಶಕುನ ತೋರುವವನು, ಚಂದ್ರನು ನಮಗೆ, ಆದ್ದರಿಂದ ಕೇಡು ಅವರಿಗೇ ಎಂದು ಮಾಗಿ ಎಂಬ ಪರ್ಷಿಯಾದ ಪುರೋಹಿತರು ದೊರೆಯನ್ನು ಹಿಗ್ಗಿಸಿದರೆಂದೂ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಆ ಪುರೋಹಿತರಲ್ಲೊಬ್ಬನನ್ನು ನೀನು ಮರೆಯಲ್ಲಿ ನಗುವ ಠಕ್ಕನನ್ನಾಗಿ ಮಾಡಿರುವೆ. ಇದು ಬರಿಯ ಸೋಮಾರಿತನ. ಕನಸಿನ ಅರ್ಥ ಹೇಳಿ, ಬಾಲಕ ಸೈರಸ್‌ನಿಂದ ಭಯವಿಲ್ಲವೆಂದ ಮಾಗಿಗಳನ್ನು, ಆ ಸೈರಸ್ ಬೆಳೆದು ದಂಗೆಯೆದ್ದಾಗ, ಮೀಡಿಯರ ದೊರೆ ಅಸ್ಟಯಾಜಿಸ್ ಶೂಲಕ್ಕೇರಿಸಿದ ಕಥೆಯೂ ಹೆರೊಡೋಟಸ್‌ನಲ್ಲಿಯೇ ಇದೆ. ಅದನ್ನು ಕೇಳಿ ಬೆಳೆದವನು ದೊರೆಯ ಮುಂದೆ ನಗುವುದಿಲ್ಲ, ತಾನಾಡಿದ ಮಾತನ್ನು ತಾನೇ ನಂಬಲು ಹೆಣಗುತ್ತಾನೆ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಇಂದಿನ ಗಣಿತದ ಪ್ರಕಾರ ಆ ವಸಂತದಲ್ಲಿ ಸಾರ್ಡಿಸ್‌ನಲ್ಲಿ ಕಾಣುವಂಥ ಸೂರ್ಯಗ್ರಹಣವೇ ಇರಲಿಲ್ಲ. ನೀನಾದರೋ ಅದನ್ನು ಕಣ್ಣಾರೆ ಕಂಡವಳಂತೆ ಮೂರು ಪುಟ ವರ್ಣಿಸಿರುವೆ.

ಆಕಾಶದಲ್ಲಿ ಇಲ್ಲದ್ದನ್ನು ಇದೆಯೆಂದರೆ ಏನಾದೀತು ಎಂಬುದಕ್ಕೆ ಚೀನಾದ ಹಾನ್ ರಾಜವಂಶದ ಆಸ್ಥಾನವನ್ನು ನೋಡು. ಕ್ರಿ.ಪೂ. 7ರಲ್ಲಿ, ಚೀನೀಯರು 'ಹೃದಯ' ಎನ್ನುವ, ನಮ್ಮ ಜ್ಯೇಷ್ಠಾ ನಕ್ಷತ್ರವಿರುವ ತಾರಾಪುಂಜದಲ್ಲಿ ಮಂಗಳನು ನಿಂತಿದ್ದಾನೆಂಬ ವರದಿ ಹುಟ್ಟಿತು. ಅದು ಚಕ್ರವರ್ತಿಗೇ ಗಂಡಾಂತರ, ಹಿರಿಯ ಮಂತ್ರಿಯೊಬ್ಬ ಮೈಮೇಲೆ ಹೊತ್ತುಕೊಂಡರೆ ಕಳೆದೀತು ಎಂದು ನಕ್ಷತ್ರವಿದ್ಯೆ ಬಲ್ಲ ಅಧಿಕಾರಿಯೊಬ್ಬ ಸೂಚಿಸಿದ. ಚೆಂಗ್ ಚಕ್ರವರ್ತಿ ತನ್ನ ಪ್ರಧಾನಿ ಝಾಯ್ ಫಾಂಗ್‌ಜಿನ್‌ನಿಗೆ ಛೀಮಾರಿಯ ಓಲೆಯೊಂದನ್ನು ಬರೆಸಿ, ಅದರೊಡನೆ ಹತ್ತು ಅಳತೆ ಉತ್ತಮ ಮದ್ಯವನ್ನೂ ಕೊಬ್ಬಿದ ಎತ್ತೊಂದನ್ನೂ ಕಳುಹಿಸಿದ. ಉಡುಗೊರೆಯ ಅರ್ಥ ತಿಳಿದ ಪ್ರಧಾನಿ ಅಂದೇ ಪ್ರಾಣ ಕಳೆದುಕೊಂಡ. ಮರುತಿಂಗಳು ಚಕ್ರವರ್ತಿಯೂ ಸತ್ತ. ಇತಿಹಾಸಕಾರ ಹುವಾಂಗ್ ಯಿ-ಲುಂಗ್ ಲೆಕ್ಕ ಹಾಕಿ ನೋಡಿದರೆ, ಆಗ ಮಂಗಳನು ಅಲ್ಲಿ ನಿಂತಿರಲೇ ಇಲ್ಲ! ಚೀನಾದ ಚರಿತ್ರೆಗಳಲ್ಲಿರುವ ಇಂಥ 23 ದಾಖಲೆಗಳಲ್ಲಿ 17 ಹುಸಿಯೆಂದು ಅವರು ತೋರಿಸಿದ್ದಾರೆ. ಇದೇ ಹಾನ್ ಆಸ್ಥಾನದಲ್ಲಿ ಸುಮಾರು ನೂರು ವರ್ಷ ಮೊದಲು ನಕ್ಷತ್ರ, ಪಂಚಾಂಗ, ಚರಿತ್ರೆಗಳ ಹೊಣೆ ಹೊತ್ತಿದ್ದ ಸೀಮಾ ಚಿಯೆನ್, ದೊರೆ ನಮ್ಮಂಥವರನ್ನು ಆಟಕ್ಕೆಂದು, ನಟರನ್ನು ಸಾಕುವಂತೆ ಸಾಕಿದ್ದಾನೆ ಎಂದು ಗೆಳೆಯನಿಗೆ ಬರೆದಿದ್ದ.

ಮೂವತ್ತರ ಹರೆಯದಲ್ಲಿ ನಾನೂ ಒಂದು ಐತಿಹಾಸಿಕ ನಾಟಕ ಬರೆದು, ಯುದ್ಧದ ಬೆಳಗಿಗೆ ಸೂರ್ಯಗ್ರಹಣವೊಂದನ್ನು ತಂದಿಟ್ಟಿದ್ದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಪ್ರದರ್ಶನ ಮುಗಿದ ಮೇಲೆ ಬಂದ ಮೇಷ್ಟರೊಬ್ಬರು, 'ಹಿಂದಿನ ರಾತ್ರಿಯ ದೃಶ್ಯದಲ್ಲಿ ಹಾಲು ಚೆಲ್ಲಿದಂಥ ಬೆಳದಿಂಗಳಿತ್ತಲ್ಲ, ಬೆಳಗಾಗುವುದರೊಳಗೆ ಅಮಾವಾಸ್ಯೆ ಹೇಗಾಯಿತು?' ಎಂದು ಮೆಲ್ಲಗೆ ಕೇಳಿದರು. ನಾನು ನಕ್ಕು, ಕಲೆಗೆ ಪಂಚಾಂಗ ಬೇಡವೆಂದು ಅವರನ್ನು ಸಾಗಹಾಕಿದೆ. ಎರಡನೆಯ ಮುದ್ರಣದಲ್ಲಿಯೂ ತಿದ್ದಲಿಲ್ಲ. ಅವರ ಆ ಪೆಚ್ಚು ಮುಖ ಮಾತ್ರ ಇನ್ನೂ ಕಣ್ಣೆದುರಿಗಿದೆ.

ನೀನು ಬರೆಯುವುದನ್ನು ಬಿಡಬೇಡ. ಗ್ರಹಣವನ್ನು ಯಾರಾದರೊಬ್ಬರ ಬಾಯಲ್ಲಿ, ಕೇಳಿದ ಸುದ್ದಿಯಾಗಿ ಹೇಳಿಸು, ಇಲ್ಲವೇ ತೆಗೆದುಹಾಕು. ತಿದ್ದಿದ ಅಧ್ಯಾಯವನ್ನು ದಪ್ಪ ಅಕ್ಷರದಲ್ಲಿ ಕಳುಹಿಸು, ನನಗೆ ಬರುವ ತಿಂಗಳು ಕಣ್ಣಿನ ಆಪರೇಷನ್ ಇದೆ.